ಹೊಗಳಿಕೆ ಸಾಕು, ಗೆದ್ದ ದಾರಿ ಬರೆಯಿರಿ

ಪ್ರಿಯ ಲೇಖಕಿ,

ಜಿಂಬಾಬ್ವೆಯ ಮಾಜಿ ಈಜುಗಾರ್ತಿ ಕರ್ಸ್ಟಿ ಕೊವೆಂಟ್ರಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮೊದಲ ಮಹಿಳಾ ಅಧ್ಯಕ್ಷೆಯಾದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ನೇರವಾಗಿಯೇ ಹೇಳುತ್ತೇನೆ, ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ವಿಷಯ ಕೈಬಿಡಬೇಡಿ.

ಮೊದಲ ಎರಡು ಪುಟ ಪೂರ್ತಿ ಸ್ತ್ರೀಶಕ್ತಿಯ ಹೊಗಳಿಕೆ. ದುರ್ಗೆ, ಓಬವ್ವ, ಚೆನ್ನಮ್ಮ ಎಲ್ಲರೂ ಇದ್ದಾರೆ. ಕೊವೆಂಟ್ರಿ ಬರುವುದು ಮೂರನೇ ಪುಟದಲ್ಲಿ, ಅದೂ 'ಇತಿಹಾಸ ನಿರ್ಮಿಸಿದರು' ಎಂಬ ಒಂದೇ ಸಾಲಿನಲ್ಲಿ. ಹೇಗೆ ನಿರ್ಮಿಸಿದರು? ಓದುಗರಿಗೆ ಬೇಕಿರುವುದು ಅದೇ ಅಲ್ವಾ?

ಆ ಮತದಾನವನ್ನೇ ನೋಡಿ. 2025ರ ಮಾರ್ಚ್ 20, ಗ್ರೀಸ್. ಕಣದಲ್ಲಿ ಏಳು ಜನ, ಹೆಂಗಸು ಇವರೊಬ್ಬರೇ. ಬಿದ್ದ ಮತ 97, ಗೆಲ್ಲಲು ಬೇಕಿದ್ದದ್ದು 49. ಇವರಿಗೆ ಸಿಕ್ಕಿದ್ದೂ ಸರಿಯಾಗಿ 49, ಮೊದಲ ಸುತ್ತಿನಲ್ಲೇ. ಒಂದು ಮತ ಆಚೀಚೆ ಆಗಿದ್ದರೂ ಎರಡನೇ ಸುತ್ತಿಗೆ ಹೋಗಬೇಕಿತ್ತು. ಎರಡನೆಯವರಾದ ಕಿರಿಯ ಸಮರಾಂಚ್‌ಗೆ 28. ಅವರ ತಂದೆ ಇದೇ ಸಮಿತಿಯ ಅಧ್ಯಕ್ಷರಾಗಿ 1980ರಿಂದ 2001ರವರೆಗೆ ಇದ್ದವರು. ವಿಶ್ವ ಅಥ್ಲೆಟಿಕ್ಸ್ ಮುಖ್ಯಸ್ಥ ಸೆಬಾಸ್ಟಿಯನ್ ಕೋಗೆ ಬರೀ ಎಂಟು. ಇಷ್ಟು ಬರೆದರೆ 'ಅಭೂತಪೂರ್ವ', 'ಅಮೋಘ' ಯಾವುದೂ ಬೇಕಾಗುವುದಿಲ್ಲ.

ಮತ ಹಾಕಿದವರು ಯಾರು ಅಂತ ನೀವು ಕೇಳಿಕೊಂಡೇ ಇಲ್ಲ. ಈ ಸಮಿತಿಗೆ ಹೊಸಬರನ್ನು ಆರಿಸುವುದು ಒಳಗಿರುವ ಸದಸ್ಯರೇ. ಒಳಗಿದ್ದವರೆಲ್ಲ ಗಂಡಸರು, ಅವರು ಕರೆದದ್ದೂ ಗಂಡಸರನ್ನೇ. ಸಮಿತಿ ಹುಟ್ಟಿದ್ದು 1894ರಲ್ಲಿ. ಮೊದಲ ಮಹಿಳಾ ಸದಸ್ಯರು, ವೆನೆಜುವೆಲಾದ ಫ್ಲೋರ್ ಇಸಾವಾ ಫೊನ್ಸೆಕಾ ಮತ್ತು ಫಿನ್‌ಲೆಂಡಿನ ಪಿರ್ಯೊ ಹ್ಯಾಗ್‌ಮನ್, ಬಂದದ್ದು 1981ರಲ್ಲಿ. 87 ವರ್ಷ ಬೇಕಾಯಿತು!

ನನಗೆ ಜಾಸ್ತಿ ಬೇಸರವಾದದ್ದು ಅಮೆರಿಕದ ಅನಿತಾ ಡಿಫ್ರಾಂಜ್ ಹೆಸರೇ ಇಲ್ಲದ್ದಕ್ಕೆ. 1976ರ ಒಲಿಂಪಿಕ್ಸ್‌ನಲ್ಲಿ ರೋಯಿಂಗ್ ಕಂಚು ಗೆದ್ದವರು, 1997ರಲ್ಲಿ ಸಮಿತಿಯ ಮೊದಲ ಮಹಿಳಾ ಉಪಾಧ್ಯಕ್ಷೆಯಾದವರು. 2001ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಸಿಕ್ಕಿದ್ದು ಒಂಬತ್ತು ಮತ, ಮೊದಲ ಸುತ್ತಿನಲ್ಲೇ ಹೊರಗೆ. ಆ ಒಂಬತ್ತಕ್ಕೂ ಈ 49ಕ್ಕೂ ನಡುವೆ ಏನೇನಾಯಿತು ಅನ್ನುವುದೇ ನಿಮ್ಮ ಲೇಖನ ಆಗಬೇಕು.

ಒಂದು ಎಳೆ ನಾನೇ ಕೊಡುತ್ತೇನೆ. ಚಳಿಗಾಲದ ಒಲಿಂಪಿಕ್ಸ್ ಆತಿಥ್ಯಕ್ಕಾಗಿ ಸಮಿತಿಯ ಸದಸ್ಯರಿಗೆ ಲಂಚ ಕೊಟ್ಟ ಸಾಲ್ಟ್ ಲೇಕ್ ಸಿಟಿ ಹಗರಣದ ನಂತರ, 1999ರಲ್ಲಿ ಸಮಿತಿ ತನ್ನ ನಿಯಮ ಬದಲಿಸಿ ಆಟಗಾರರಿಗೆ 15 ಸ್ಥಾನ ಇಟ್ಟಿತು. ಕೊವೆಂಟ್ರಿ 2013ರಲ್ಲಿ ಬಂದದ್ದು ಈ ಬಾಗಿಲಿನಿಂದ. ಆಮೇಲೆ ಆಟಗಾರರ ಆಯೋಗದ ಮುಖ್ಯಸ್ಥೆ, ಕಾರ್ಯಕಾರಿ ಮಂಡಳಿ ಸದಸ್ಯೆ. ಎರಡು ಒಲಿಂಪಿಕ್ ಚಿನ್ನ ಗೆದ್ದ ಈಜುಗಾರ್ತಿ ಅನ್ನುವುದು ನಿಜ, ಆದರೆ ಬರೀ ಪದಕ ನೋಡಿ ಯಾರೂ ಆ ಕುರ್ಚಿ ಕೊಡುವುದಿಲ್ಲ.

ಅವರ ಮೇಲಿನ ಟೀಕೆಯನ್ನೂ ಬರೆಯಿರಿ. ಅವರು ಜಿಂಬಾಬ್ವೆಯ ಕ್ರೀಡಾ ಸಚಿವೆಯಾಗಿದ್ದಾಗಲೇ, 2022ರಲ್ಲಿ, ಸರ್ಕಾರ ಮೂಗು ತೂರಿಸಿದೆ ಎಂದು ಫಿಫಾ ಆ ದೇಶದ ಫುಟ್‌ಬಾಲ್ ಸಂಸ್ಥೆಯನ್ನು ಅಮಾನತು ಮಾಡಿತ್ತು. ಹೆಂಗಸು ಅಂತ ಇದನ್ನು ಬಿಟ್ಟುಬಿಟ್ಟರೆ ಅವರನ್ನು ಕಡಿಮೆ ಅಂದಾಜು ಮಾಡಿದ ಹಾಗೆ. ಅಧಿಕಾರದಲ್ಲಿರುವ ಗಂಡಸಿಗೆ ಕೇಳುವ ಪ್ರಶ್ನೆಯನ್ನೇ ಅವರಿಗೂ ಕೇಳಿ.

ಪಿ.ಟಿ. ಉಷಾ ಬಗ್ಗೆ ಬರೆದ ಪ್ಯಾರಾ ಚೆನ್ನಾಗಿದೆ, ಇರಲಿ. 2022ರಲ್ಲಿ ಅವರು ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆಯಾಗಿ ಅವಿರೋಧವಾಗಿ ಆಯ್ಕೆಯಾದರು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನೂ ಅಲ್ಲಿ ಸೇರಿಸಿ. ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ವರು ಮಹಿಳೆಯರಿರಬೇಕು ಎನ್ನುತ್ತದೆ ಅದು. ಸುಮ್ನೆ ಉಲ್ಲೇಖಿಸಿ ಬಿಡಬೇಡಿ. ನಿಮ್ಮ ಊರಿನ ಒಂದೆರಡು ಕ್ರೀಡಾ ಸಂಸ್ಥೆಗಳಿಗೆ ಹೋಗಿ ಪದಾಧಿಕಾರಿಗಳ ಪಟ್ಟಿ ಕೇಳಿ, ಅಲ್ಲಿ ಎಷ್ಟು ಹೆಂಗಸರಿದ್ದಾರೆ, ಯಾವ ಹುದ್ದೆಯಲ್ಲಿದ್ದಾರೆ ನೋಡಿ. ಪೀಠಿಕೆ ತೆಗೆದು, ಮತ ಎಣಿಕೆಯಿಂದ ಶುರು ಮಾಡಿ ಮತ್ತೆ ಕಳಿಸಿ. ನಾನೇ ಓದುತ್ತೇನೆ.