ಮಂಗರವಳ್ಳಿ ಪುಡಿ ನಂಬಿ ಎಲುಬಿನ ಇಂಜೆಕ್ಷನ್ ಬಿಡಬೇಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಥರ ಇವೆ. ಅದಕ್ಕೇ ಒಂದನ್ನು ಎತ್ತಿಕೊಂಡು ಪೂರ್ತಿ ಬರೆಯುತ್ತೇನೆ, ಉಳಿದವಕ್ಕೆ ಚುಟುಕಾಗಿ.

ಕಲಬುರಗಿಯ ಓದುಗರೊಬ್ಬರು ಕೇಳಿದ್ದಾರೆ: "ಅವ್ವನಿಗೆ 66 ವರ್ಷ. ಸೊಂಟದ ಟಿ-ಸ್ಕೋರ್ (ಎಲುಬಿನ ಗಟ್ಟಿತನದ ಅಳತೆ) ಮೈನಸ್ 2.9. ಎರಡು ವರ್ಷದಿಂದ ಆರು ತಿಂಗಳಿಗೊಮ್ಮೆ ಎಲುಬಿನ ಸವೆತ ತಡೆಯುವ ಡೆನೋಸುಮ್ಯಾಬ್ ಇಂಜೆಕ್ಷನ್ ಕೊಡಿಸುತ್ತಿದ್ದೇವೆ. ಜಾತ್ರೆಯಲ್ಲಿ ಒಬ್ಬರು ಮಂಗರವಳ್ಳಿ ಪುಡಿ ಕೊಟ್ಟರು. ನೈಸರ್ಗಿಕ, ಸೈಡ್ ಎಫೆಕ್ಟ್ ಇಲ್ಲವಂತೆ. ಇಂಜೆಕ್ಷನ್ ಬಿಟ್ಟು ಇದನ್ನೇ ಕೊಡಲಾ?"

ಬೇಡ. ಪುಡಿಯ ಮಾತು ಆಮೇಲೆ, ಮೊದಲು ಇಂಜೆಕ್ಷನ್ ತಾರೀಖು ನೋಡಿ. ಹಿಂದಿನದು ಕೊಟ್ಟು ಆರು ತಿಂಗಳಾಗಿದ್ದರೆ ಇದೇ ವಾರ ಕೊಡಿಸಿ, ಏಳು ತಿಂಗಳು ದಾಟಿಸಬೇಡಿ. ಎಲುಬು ತಿನ್ನುವ ಜೀವಕೋಶಗಳನ್ನು ಈ ಔಷಧ ತಡೆದು ಹಿಡಿದಿರುತ್ತದೆ. ಸುಮ್ನೆ ನಿಲ್ಲಿಸಿದರೆ ಅವೆಲ್ಲ ಒಟ್ಟಿಗೆ ಎದ್ದು, ಕೂಡಿಟ್ಟ ಎಲುಬನ್ನು ಒಂದೆರಡು ವರ್ಷದಲ್ಲಿ ತಿಂದು ಹಾಕುತ್ತವೆ. ಕೆಲವರಿಗೆ ಬೆನ್ನಿನ ಮಣಿಗಳು ಒಂದರ ಹಿಂದೆ ಒಂದು ಕುಸಿಯುತ್ತವೆ. ನನ್ನ ಹತ್ತಿರ ಹೀಗೇ ಔಷಧ ಬಿಟ್ಟ ಒಬ್ಬ ಅಜ್ಜಿ ಬಂದಿದ್ದರು, ಬಿದ್ದಿರಲಿಲ್ಲ, ಎಲ್ಲೂ ಜಾರಿರಲಿಲ್ಲ, ನೀರಿನ ಕೊಡ ಎತ್ತಿದ್ದಷ್ಟೇ. ಎಕ್ಸ್‌ರೇಯಲ್ಲಿ ಮೂರು ಮಣಿ ಚಪ್ಪಟೆಯಾಗಿದ್ದವು. ಇಂಜೆಕ್ಷನ್ ನಿಲ್ಲಿಸಲೇಬೇಕು ಅಂದರೆ ಅದರ ಜಾಗಕ್ಕೆ ಬೇರೆ ಔಷಧ ಬರಬೇಕು. ಅದು ಯಾವುದು ಅಂತ ನಿಮ್ಮ ಡಾಕ್ಟರೇ ಹೇಳಬೇಕು, ಜಾತ್ರೆಯ ಅಂಗಡಿಯವರಲ್ಲ.

ಈಗ ಮಂಗರವಳ್ಳಿ. ನಮ್ಮ ಕಡೆ ಹಡಜೋಡ ಅಂತಲೂ ಕರೆಯುತ್ತಾರೆ. ನಾಲ್ಕು ಅಂಚಿನ ಹಸಿರು ಬಳ್ಳಿ, ಗೆಣ್ಣು ಗೆಣ್ಣಾಗಿ ಇರುತ್ತದೆ, ಹಸಿಯಾಗಿ ಕಚ್ಚಿದರೆ ನಾಲಿಗೆ ತುರಿಸುತ್ತದೆ. ಬಳ್ಳಿಯ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ಕರಾವಳಿಯ ಕಡೆಯವರೇ ಆದ ಡಾ. ಕೆ.ಎನ್. ಉಡುಪ ಅವರು 1960ರ ದಶಕದಲ್ಲಿ ಬನಾರಸ್ಸಿನಲ್ಲಿ ಇದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದ್ದರು, ಮುರಿದ ಎಲುಬು ಬೇಗ ಕೂಡಿದ್ದನ್ನು ಕಂಡಿದ್ದರು. ಆದರೆ ಮುರಿದ ಎಲುಬು ಕೂಡುವುದೇ ಬೇರೆ, ಮುಟ್ಟು ನಿಂತ ಮೇಲೆ ಒಳಗೊಳಗೇ ಎಲುಬು ಟೊಳ್ಳಾಗುವುದೇ ಬೇರೆ. ಮುಟ್ಟು ನಿಂತಂಥ ಸ್ಥಿತಿ ಬರಲಿ ಅಂತ ಇಲಿಯ ಅಂಡಾಶಯ ತೆಗೆದು, ಸಾರ ಕುಡಿಸಿ, ಎಲುಬು ಅಳೆದರೆ ಮಂಗರವಳ್ಳಿ, ಸೋಯಾ, ಅರಿಶಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಮನುಷ್ಯರಲ್ಲಿ ನಾನು ಕೇಳುವುದು ಒಂದೇ: ಸೊಂಟ ಮುರಿಯುವುದು ಕಡಿಮೆಯಾಯಿತಾ? ಅದನ್ನು ಯಾವ ಪುಡಿಯೂ ಇನ್ನೂ ತೋರಿಸಿಲ್ಲ.

ಸೋಯಾದಲ್ಲಿರುವಂಥ ಐಸೋಫ್ಲೇವೋನ್ ಅನ್ನುವ ಅಂಶದಿಂದ ಇಪ್ರಿಫ್ಲೇವೋನ್ ಅಂತ ಒಂದು ಮಾತ್ರೆ ಮಾಡಿದ್ದರು, ದೊಡ್ಡ ಭರವಸೆ ಇತ್ತು. ಯುರೋಪಿನಲ್ಲಿ 474 ಹೆಂಗಸರ ಮೇಲೆ ಮೂರು ವರ್ಷ ನೋಡಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲುಬು ಸವೆಯುವುದು ನಿಲ್ಲಲಿಲ್ಲ, ಮಾತ್ರೆ ತಗೊಂಡವರಲ್ಲಿ 29 ಜನರಿಗೆ ರಕ್ತದ ಬಿಳಿ ಕಣಗಳೇ ಕಮ್ಮಿಯಾದವು. ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ಲ ಅನ್ನುವವರು ಇದನ್ನು ಓದಬೇಕು.

ಇದಕ್ಕಿಂತ ಜಾಸ್ತಿ ಸಿಟ್ಟು ಬರುವುದು ಪೇಪರಿನಲ್ಲಿ ಕಟ್ಟಿಕೊಡುವ ಕಂದು ಪುಡಿಗಳ ಮೇಲೆ. ಹತ್ತು ವರ್ಷದ ಮಂಡಿನೋವು ಎರಡೇ ದಿನಕ್ಕೆ ಮಾಯವಾದರೆ ಖುಷಿಪಡಬೇಡಿ, ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು. ಮುಖ ದುಂಡಗಾಗುತ್ತದೆ, ಸಕ್ಕರೆ ಏರುತ್ತದೆ, ಮೂರು ತಿಂಗಳು ತಿಂದರೆ ಎಲುಬು ಇನ್ನಷ್ಟು ಟೊಳ್ಳಾಗುತ್ತದೆ. ಎಲುಬು ಗಟ್ಟಿಯಾಗಲಿ ಅಂತ ದುಡ್ಡು ಕೊಟ್ಟು ಎಲುಬು ಸವೆಸುವ ಔಷಧ ತಿಂದ ಹಾಗಾಯಿತು. ಅವ್ವ ಆಗಲೇ ವಾರಗಟ್ಟಲೆ ತಿಂದಿದ್ದರೆ ಒಮ್ಮೆಲೇ ನಿಲ್ಲಿಸಲೂ ಬೇಡಿ, ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದು. ಪುಡಿಯ ಪೊಟ್ಟಣ ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಹೋಗಿ. ಬಯ್ಯುತ್ತಾರೆ ಅಂತ ಮುಚ್ಚಿಡಬೇಡಿ. ಇನ್ನು ಮಂಗರವಳ್ಳಿ ಚಟ್ನಿ ಇಷ್ಟ ಅಂದರೆ, ಚೆನ್ನಾಗಿ ಹುರಿದು ಹುಣಸೆಹಣ್ಣು ಹಾಕಿ ಮಾಡಿಕೊಂಡು ತಿನ್ನಲಿ. ಅಡುಗೆಯಾಗಿ.

ದಿನಾ ಅರಿಶಿನ ಹಾಲು ಕುಡಿದರೆ ಸಾಕಾ? ಹಾಲಿಗಾಗಿ ಕುಡಿಯಿರಿ, ಅರಿಶಿನದ ಸಾರ ಮೈಗೆ ಹತ್ತುವುದೇ ಕಮ್ಮಿ.

ಮೂರು ಹೊತ್ತು ಜೋಳದ ರೊಟ್ಟಿ ತಿಂತೀವಿ, ಕ್ಯಾಲ್ಸಿಯಂ ಯಾಕೆ ಬೇಕು? ಜೋಳದಲ್ಲಿ ಕ್ಯಾಲ್ಸಿಯಂ ತೀರ ಕಮ್ಮಿ, 100 ಗ್ರಾಂಗೆ 30 ಮಿಲಿಗ್ರಾಂ ಕೂಡ ಇಲ್ಲ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಬೇಕು. ಹಾಲು, ಮೊಸರು, ರಾಗಿ ಜಾಸ್ತಿ ಮಾಡಿ, ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿಗೆ ಹಚ್ಚುವ ಎಳ್ಳನ್ನು ವರ್ಷಪೂರ್ತಿ ಹಚ್ಚಿ.

ಶಿಲಾಜಿತ್? ಬೇಡ.

ಯಾದಗಿರಿಯಿಂದ ಒಬ್ಬರು: "ನಮ್ಮೂರ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ಸ್ಕ್ಯಾನ್‌ನಲ್ಲಿ ಎಲುಬು ಗಟ್ಟಿ ಅಂತ ಬಂದಿದೆ, ನಿಶ್ಚಿಂತೆಯಿಂದ ಇರಬಹುದಾ?" ಇಲ್ಲ. ಫ್ಲೋರೈಡ್ ಕೂತ ಎಲುಬು ಸ್ಕ್ಯಾನ್‌ನಲ್ಲಿ ದಟ್ಟವಾಗಿ ಕಂಡರೂ ಬೇಗ ಮುರಿಯಬಹುದು. ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯಲು, ಅಡುಗೆಗೆ ಬೇರೆ ನೀರು ತನ್ನಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.