ಅಕ್ವಾಯಾ ಕ್ರೀಕ್: ಯಾರೂ ಸಾಯದ ಕಾಳಗ ಲೆಕ್ಕಕ್ಕಿಲ್ಲವೇ?

*ಅಮೆರಿಕದ ಅಂತರ್ಯುದ್ಧದ ಶುರುವಿನಲ್ಲಿ ಅಕ್ವಾಯಾ ಕ್ರೀಕ್‌ನಲ್ಲಿ ಹಡಗುಗಳು ದಡದ ಫಿರಂಗಿಗಳ ಮೇಲೆ ಗುಂಡಿನ ಮಳೆ ಸುರಿಸಿದರೂ ಹೆಚ್ಚುಕಡಿಮೆ ಯಾರಿಗೂ ಏನೂ ಆಗಲಿಲ್ಲವಂತೆ. ಗುರಿಕಾರರು ಕುಡಿದಿದ್ದರು ಅಂತ ಒಂದು ವಿಡಿಯೊ ಹೇಳುತ್ತದೆ. ನಿಜವೇ?*

ಈ ಪ್ರಶ್ನೆ ಎಷ್ಟನೇ ಸಲ ಬಂತೋ! ಕುಡಿದಿದ್ದರು ಅನ್ನುವುದು ಶುದ್ಧ ಸುಳ್ಳು. ಹಡಗುಗಳ ದಾಳಿಯ ಮುಂದಾಳು ಅಮೆರಿಕ (ಉತ್ತರದ) ನೌಕಾಪಡೆಯ ಕಮಾಂಡರ್ ಜೇಮ್ಸ್ ವಾರ್ಡ್. ಫಿರಂಗಿ ವಿದ್ಯೆಯನ್ನು ನೌಕಾಪಡೆಗೆ ಕಲಿಸಿದವರಲ್ಲಿ ಒಬ್ಬರು ಅವರು. ಅಂಥವರಿಗೆ ಗುರಿ ಗೊತ್ತಿರಲಿಲ್ಲವೇ?

1861ರ ಮೇ 29ರಿಂದ ಜೂನ್ 1ರವರೆಗಿನ ಕಥೆ ಇದು. ದಕ್ಷಿಣದವರ ರಾಜಧಾನಿಯಾದ ರಿಚ್ಮಂಡ್‌ನಿಂದ ಬರುತ್ತಿದ್ದ ರೈಲು ಹಳಿ ಆಗ ಪೊಟೊಮ್ಯಾಕ್ ನದಿ ದಡದಲ್ಲಿ ಮುಗಿಯುತ್ತಿದ್ದದ್ದು ಅಲ್ಲೇ. ಅದಕ್ಕೇ ದಕ್ಷಿಣದವರು, ಅಂದರೆ ದೇಶದಿಂದ ಬೇರೆಯಾಗಲು ಹೊರಟ ರಾಜ್ಯಗಳವರು, ಅಲ್ಲಿ ಫಿರಂಗಿ ಇಟ್ಟಿದ್ದು. ವಾರ್ಡ್ ಇದ್ದ 'ಥಾಮಸ್ ಫ್ರೀಬಾರ್ನ್' ಯುದ್ಧಕ್ಕೆಂದು ಕಟ್ಟಿದ ಹಡಗೇ ಅಲ್ಲ. ಬೇರೆ ಹಡಗುಗಳನ್ನು ಎಳೆಯುವ ಟಗ್. ಅದಕ್ಕೆ ಫಿರಂಗಿ ಕೂರಿಸಿ ತಂದಿದ್ದರು. ಕೊನೆಯ ದಿನ 'ಪಾನಿ' ಎಂಬ ದೊಡ್ಡ ಯುದ್ಧನೌಕೆಯೂ ಜೊತೆಗಿತ್ತು.

ಎದುರಿಗಿದ್ದದ್ದು ಕಲ್ಲಿನ ಕೋಟೆಯಲ್ಲ, ಮಣ್ಣಿನ ದಿಬ್ಬ. ಕಲ್ಲಿಗೆ ಗುಂಡು ಬಡಿದರೆ ಚೂರು ಹಾರಿ ಜನ ಸಾಯುತ್ತಾರೆ. ಮಣ್ಣಿಗೆ ಬಡಿದರೆ ಅಲ್ಲೇ ಹೂತುಹೋಗುತ್ತದೆ. ಅಗೆದ ಗುಂಡಿಯನ್ನು ರಾತ್ರಿ ನಾಲ್ಕು ಸಲಿಕೆ ಮಣ್ಣಿನಿಂದ ಮುಚ್ಚಿದರೆ ಬೆಳಿಗ್ಗೆ ದಿಬ್ಬ ಮೊದಲಿನಂತೆ! ಇನ್ನು ಗುಡ್ಡದ ಮೇಲಿನ ಫಿರಂಗಿಗಳು. ಹಡಗಿನ ಫಿರಂಗಿಯ ಮೂತಿ ಅಷ್ಟು ಮೇಲಕ್ಕೆ ಏಳುವುದಿಲ್ಲ. ಕಾಲ ಕೆಳಗಿನ ಹಲಗೆ ಬೇರೆ ಓಲಾಡುತ್ತಿರುತ್ತದೆ. ಹಡಗುಗಳಿಗೂ ಏಟು ಬಿದ್ದವು, ಆದರೆ ಮುಳುಗಲಿಲ್ಲ.

ದಯವಿಟ್ಟು ಹೆಣ ಎಣಿಸುವುದನ್ನು ಬಿಡಿ, ನದಿ ಯಾರ ಕೈಗೆ ಹೋಯಿತು ನೋಡಿ. ಅಷ್ಟು ಗುಂಡು ಸುರಿದರೂ ದಕ್ಷಿಣದವರು ಜಾಗ ಬಿಡಲಿಲ್ಲ. ದಡದುದ್ದಕ್ಕೂ ಇನ್ನೂ ಜಾಸ್ತಿ ಫಿರಂಗಿ ಇಟ್ಟರು. ಅಕ್ಟೋಬರ್ ಹೊತ್ತಿಗೆ ರಾಜಧಾನಿ ವಾಷಿಂಗ್ಟನ್‌ಗೆ ನದಿಯ ದಾರಿಯೇ ಹೆಚ್ಚುಕಡಿಮೆ ಬಂದ್ ಆಯಿತು. ಅದು ಬಿಡುಗಡೆಯಾದದ್ದು 1862ರ ಮಾರ್ಚ್‌ನಲ್ಲಿ, ಅದೂ ಅವರೇ ಹೊರಟುಹೋದಾಗ. ವಾರ್ಡ್ ಅದನ್ನು ನೋಡಲಿಲ್ಲ. 1861ರ ಜೂನ್ 27ರಂದೇ, ಅದೇ ನದಿಯ ಮಥಾಯಸ್ ಪಾಯಿಂಟ್‌ನಲ್ಲಿ, ಫಿರಂಗಿಗೆ ಗುರಿ ಹಿಡಿಯುತ್ತಿದ್ದಾಗ ದಡದಿಂದ ಬಂದ ಬಂದೂಕಿನ ಗುಂಡು ಅವರ ಹೊಟ್ಟೆಗೆ ಬಡಿಯಿತು. ಈ ಯುದ್ಧದಲ್ಲಿ ಸತ್ತ ಅಮೆರಿಕ ನೌಕಾಪಡೆಯ ಮೊದಲ ಅಧಿಕಾರಿ ಅವರು. ನನಗೆ ಇವತ್ತಿಗೂ ಬೇಸರವಾಗುವ ಸಾವು ಅದು.

*ಹಡಗು ಮತ್ತು ದಡದ ಮೊದಲ ಕಾಳಗ ಫೋರ್ಟ್ ಸಮ್ಟರ್ ಅಲ್ವಾ?*

ಅಲ್ಲ. ಈ ಯುದ್ಧ ಶುರುವಾದದ್ದು ಆ ಕೋಟೆಯಲ್ಲೇ, ಆದರೆ ಅಲ್ಲಿ ದಡದ ಫಿರಂಗಿಗಳು ಹೊಡೆದದ್ದು ಕೋಟೆಗೆ, ಹಡಗಿಗಲ್ಲ.

*ವರ್ಜೀನಿಯಾದಲ್ಲಿದ್ದೇವೆ. ಹೊಳೆ ದಡದಲ್ಲಿ ಹಳೆ ಫಿರಂಗಿ ಗುಂಡು ಸಿಕ್ಕಿದೆ. ತುಕ್ಕು ತೆಗೆದು ಶೋಕೇಸಿನಲ್ಲಿ ಇಡಬಹುದೇ? ನೀರಲ್ಲಿದ್ದದ್ದು ಸಿಡಿಯುವುದಿಲ್ಲ ಅಂತ ಮಾರುವವರೊಬ್ಬರು ಹೇಳಿದರು.*

ಅವರ ಮಾತು ನಂಬಬೇಡಿ! ಟೊಳ್ಳು ಗುಂಡಿನೊಳಗಿನ ಮದ್ದು ನೀರಲ್ಲಿದ್ದರೂ ಒಣಗಿಯೇ ಇರಬಹುದು. 2008ರಲ್ಲಿ ಅದೇ ವರ್ಜೀನಿಯಾದಲ್ಲಿ, ಇದರಲ್ಲಿ ಪಳಗಿದ್ದ ಸಂಗ್ರಾಹಕರೊಬ್ಬರು ಇಂಥ ಗುಂಡನ್ನು ಶುಚಿ ಮಾಡುವಾಗಲೇ ಸಿಡಿದು ಸತ್ತರು. ಮುಟ್ಟಬೇಡಿ, ಉಜ್ಜಬೇಡಿ, ಕಾರಿನಲ್ಲಿ ಸಾಗಿಸಬೇಡಿ. ಮಕ್ಕಳನ್ನು ದೂರ ಕಳಿಸಿ, ಈಗಲೇ ಪೊಲೀಸರಿಗೆ ಫೋನ್ ಮಾಡಿ.