ಒಳ್ಳೆ ಮನಸ್ಸು ವರ್ಗ ಆಗಿ ಹೋಗುತ್ತೆ, ಕುರ್ಚಿ ಅಲ್ಲೇ ಇರುತ್ತೆ

ತಿಪಟೂರು ಕಡೆಯ ನಿವೃತ್ತ ಶಿರಸ್ತೇದಾರರೊಬ್ಬರು ಕೈಬರಹದಲ್ಲಿ ಉದ್ದನೆ ಕಾಗದ ಬರೆದಿದ್ದಾರೆ. ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಲ್ಲ. ಅಧಿಕಾರಿಗಳಿಗೆ, ಪೊಲೀಸರಿಗೆ, ಡಾಕ್ಟರ್‌ಗಳಿಗೆ, ಇಂಜಿನಿಯರ್‌ಗಳಿಗೆ ಅಂಗವಿಕಲರ ಹಕ್ಕುಗಳ ಬಗ್ಗೆ ಕಡ್ಡಾಯವಾಗಿ ತರಬೇತಿ ಕೊಡ್ಬೇಕು ಅಂತ ಹೋದ ತಿಂಗಳು ಬರೆದಿದ್ವಲ್ಲ, ಅದಕ್ಕೆ ಅವರ ತಕರಾರು. ಅವರ ಮಾತಲ್ಲೇ ಹೇಳೋದಾದ್ರೆ: "ಮೂವತ್ತು ವರ್ಷ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿದೆ. ಅಂಗವಿಕಲರ ಬಗ್ಗೆ ಯಾರೂ ನನಗೆ ಪಾಠ ಮಾಡಲಿಲ್ಲ. ಆದರೂ ನಡೆಯಲು ಆಗದವರು ಬಂದರೆ ನಾನೇ ಕೆಳಗಿಳಿದು ಹೋಗಿ, ಆಟೋದಲ್ಲೇ ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಿದ್ದೆ. ಮನುಷ್ಯತ್ವ ಇದ್ದರೆ ಸಾಕು, ಅದನ್ನು ತರಬೇತಿ ಕೊಟ್ಟು ತುಂಬಲು ಆಗುವುದಿಲ್ಲ. ಹಾಲ್ ಬಾಡಿಗೆ, ಊಟ, ಬ್ಯಾಗು, ಫೋಟೋ ಅಂತ ಸುರಿಯುವ ದುಡ್ಡನ್ನು ಅವರ ಮಾಸಾಶನಕ್ಕೆ ಸೇರಿಸಿ ಕೊಡಲಿ."

ಸರ್, ಊಟ ಬ್ಯಾಗು ಫೋಟೋ ವಿಷಯದಲ್ಲಿ ನೀವು ಹೇಳಿದ್ದು ನಿಜ. ಬೆಳಿಗ್ಗೆ ದೀಪ ಹಚ್ಚಿ, ಗಣ್ಯರ ಭಾಷಣ ಮುಗಿಯೋ ಹೊತ್ತಿಗೆ ಊಟದ ಟೈಮಾಗಿ, ಊಟ ಆದ್ಮೇಲೆ ಹಾಲ್ ಅರ್ಧ ಖಾಲಿಯಾಗೋ ಕಾರ್ಯಾಗಾರಗಳನ್ನ ನಾನೂ ನೋಡಿದೀನಿ. ಅಂಥದ್ದು ನಿಲ್ಲಲಿ, ಒಪ್ಪಿದೆ.

ಆದ್ರೆ ಆಟೋ ಹತ್ರ ಹೋದ ಕಥೆಯನ್ನ ಅಷ್ಟಕ್ಕೇ ಬಿಡೋಕಾಗಲ್ಲ. ನೀವು ಮಾಡಿದ್ದು ಒಳ್ಳೆ ಕೆಲಸ, ಎಷ್ಟೋ ಜನ ಮಾಡಲ್ಲ, ಅದಕ್ಕೆ ನಿಮಗೆ ಕೈ ಮುಗೀತೀನಿ. ಆದ್ರೆ ನೀವು ಅಲ್ಲಿಂದ ವರ್ಗ ಆದ ಮೇಲೆ ಏನಾಯ್ತು? ಆ ಕುರ್ಚಿಗೆ ಬಂದವರು ಕೆಳಗಿಳಿದು ಹೋದ್ರಾ, ಇಲ್ಲಾ "ಮೇಲೆ ಕರ್ಕೊಂಬನ್ನಿ" ಅಂದ್ರಾ? ನಿಮ್ಮ ಒಳ್ಳೆತನ ನಿಮ್ಮ ಜೊತೇನೇ ಮುಂದಿನ ತಾಲ್ಲೂಕಿಗೆ ಹೋಯ್ತು, ಆ ಮನುಷ್ಯ ಮಾತ್ರ ಅದೇ ಊರಲ್ಲಿ ಉಳಿದ. ಇನ್ನೂ ಒಂದು ಕೇಳ್ತೀನಿ ಬೇಜಾರು ಮಾಡ್ಕೋಬೇಡಿ, ಹೆಬ್ಬೆಟ್ಟು ಒತ್ತಿಸಿಕೊಳ್ಳೋ ಮುಂಚೆ ಆ ಕಾಗದದಲ್ಲಿ ಏನಿದೆ ಅಂತ ಅವನಿಗೇ ಓದಿ ಹೇಳಿದ್ರಾ, ಅಥವಾ ಪಕ್ಕದಲ್ಲಿ ಕೂತಿದ್ದ ಮಗನಿಗೋ ಅಳಿಯನಿಗೋ ಹೇಳಿದ್ರಾ? ಜಮೀನು, ಹಣ, ಬ್ಯಾಂಕ್ ಸಾಲದ ವ್ಯವಹಾರ ಎಲ್ಲಾ ಅಂಗವಿಕಲರು ಬೇರೆಯವರಷ್ಟೇ ಸಮಾನವಾಗಿ ಮಾಡಬಹುದು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತೆ. ಒಳ್ಳೆ ಮನಸ್ಸಿರೋರೂ ಇಲ್ಲೇ ಎಡವೋದು, ಯಾಕಂದ್ರೆ ಈ ವಿಷಯ ಯಾರಾದ್ರೂ ಹೇಳಿಕೊಟ್ಟರೆ ಮಾತ್ರ ಗೊತ್ತಾಗುತ್ತೆ.

ನಿಮ್ಮ ಕಚೇರಿಯದ್ದೇ ಇನ್ನೊಂದು ವಿಷಯ ಹೇಳ್ತೀನಿ. ಅದೇ ಕಾಯ್ದೆಯ 7ನೇ ಸೆಕ್ಷನ್ ನೋಡಿ. ಅಂಗವಿಕಲರ ಮೇಲೆ ದೌರ್ಜನ್ಯ, ಹಿಂಸೆ, ಶೋಷಣೆ ನಡೀತಿದೆ ಅಂತ ಯಾರಾದ್ರೂ ಮಾಹಿತಿ ಕೊಟ್ಟರೆ ಕಾರ್ಯನಿರ್ವಾಹಕ ದಂಡಾಧಿಕಾರಿ ತಕ್ಷಣ ಅದನ್ನ ನಿಲ್ಲಿಸೋಕೆ ಕ್ರಮ ತಗೋಬೇಕು, ಆ ವ್ಯಕ್ತಿಯನ್ನ ಅಲ್ಲಿಂದ ಬಿಡಿಸೋಕೆ ಪೊಲೀಸರಿಗೆ ಆದೇಶ ಕೊಡಬಹುದು, ಬೇಕಾದ್ರೆ ರಕ್ಷಣೆಗೆ ವ್ಯವಸ್ಥೆ ಮಾಡಬಹುದು. ದೂರು ತಂದವರಿಗೆ ಆ ದಂಡಾಧಿಕಾರಿ ಯಾರು, ಎಲ್ಲಿದಾರೆ, ಉಚಿತ ಕಾನೂನು ನೆರವಿನ ಹಕ್ಕಿದೆ ಅನ್ನೋದನ್ನೆಲ್ಲಾ ಪೊಲೀಸರೇ ತಿಳಿಸಬೇಕು. ತಾಲ್ಲೂಕಲ್ಲಿ ಆ ದಂಡಾಧಿಕಾರಿ ಅಂದ್ರೆ ಯಾರು ಸರ್? ನಿಮ್ಮ ತಹಶೀಲ್ದಾರ್ರೇ ಅಲ್ವಾ, ಬೋರ್ಡಲ್ಲೇ ಬರೆದಿರುತ್ತಲ್ಲ "ತಹಶೀಲ್ದಾರ್ ಹಾಗೂ ತಾಲ್ಲೂಕು ದಂಡಾಧಿಕಾರಿ" ಅಂತ! ಮಾನಸಿಕ ಕಾಯಿಲೆ ಇರೋ ಹೆಣ್ಣುಮಗಳನ್ನ ಹಿತ್ತಲ ಕೋಣೆಯಲ್ಲಿ ಕೂಡಿ ಹಾಕಿರೋ ಸುದ್ದಿ ಆಗಾಗ ಪೇಪರಲ್ಲಿ ಬರುತ್ತೆ, ಊರವರು ಅಯ್ಯೋ ಪಾಪ ಅಂತಾರೆ, ಟಿವಿಯವರು ಬರ್ತಾರೆ. ಬಾಗಿಲು ತೆಗೆಸೋ ಅಧಿಕಾರ ಐದಾರು ಮೈಲಿ ದೂರದ ಕಚೇರಿಯಲ್ಲೇ ಇದೆ ಅನ್ನೋದು ಊರವರಿಗೂ ಗೊತ್ತಿಲ್ಲ, ಎಷ್ಟೋ ಸಲ ಆ ಅಧಿಕಾರ ಇರೋರಿಗೂ ಗೊತ್ತಿಲ್ಲ. ಇದನ್ನ ಮನುಷ್ಯತ್ವ ಕಲಿಸಲ್ಲ ಸರ್, ಕೂತು ಓದಬೇಕು.

ಓದಿಸಲೇಬೇಕು ಅಂತಾನೂ ಕಾನೂನಲ್ಲಿದೆ. 47ನೇ ಸೆಕ್ಷನ್ ಪಟ್ಟಿ ಎಷ್ಟು ಉದ್ದ ಇದೆ ಗೊತ್ತಾ: ಪಂಚಾಯ್ತಿ ಸದಸ್ಯರು, ಶಾಸಕರು, ಆಡಳಿತಗಾರರು, ಪೊಲೀಸರು, ನ್ಯಾಯಾಧೀಶರು, ವಕೀಲರು ಇವರಿಗೆಲ್ಲಾ ಅಂಗವಿಕಲರ ಹಕ್ಕುಗಳ ಬಗ್ಗೆ ಕಡ್ಡಾಯ ತರಬೇತಿ; ಮೇಷ್ಟ್ರು, ಡಾಕ್ಟರು, ನರ್ಸು, ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಇಂಜಿನಿಯರು, ಆರ್ಕಿಟೆಕ್ಟು ಓದೋ ಕೋರ್ಸುಗಳಲ್ಲೇ ಈ ವಿಷಯ ಸೇರಬೇಕು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಭಾರತ ಒಪ್ಪಿ ಸಹಿ ಹಾಕಿದ್ದು 2007ರಲ್ಲಿ, ವೃತ್ತಿಪರರಿಗೆ ತರಬೇತಿ ಕೊಡ್ತೀವಿ ಅನ್ನೋ ಮಾತು ಅದರಲ್ಲೂ ಇದೆ. ನಮ್ಮ ಕಾಯ್ದೆ ಜಾರಿಗೆ ಬಂದಿದ್ದು 2017ರ ಏಪ್ರಿಲ್‌ನಲ್ಲಿ. ಅಂದ್ರೆ ನಾವು ಕೇಳ್ತಿರೋದು ಹೊಸ ಯೋಜನೆ ಏನಲ್ಲ, ಬಾಕಿ ಉಳಿದಿರೋ ಕೆಲಸ.

ಇಂಜಿನಿಯರ್ ಅಂದ ಕೂಡಲೇ ನೆನಪಾಯ್ತು. ನಮ್ಮ ಪತ್ರಿಕೆಗೆ ಆಗಾಗ ಬರೆಯೋ ಗೆಳತಿಯೊಬ್ಬರು ವೀಲ್‌ಚೇರ್ ಬಳಸ್ತಾರೆ. ಅವರ ಜೊತೆ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ, ಯಾವ ಊರು ಅಂತ ಬೇಡ. ಹೊಸ ಬಿಲ್ಡಿಂಗು, ಬಾಗಿಲಿಗೆ ಮೂರು ಮೆಟ್ಟಿಲು, ಪಕ್ಕದಲ್ಲೇ ರ‍್ಯಾಂಪ್. ಗ್ರಾನೈಟ್ ಹಾಕಿ ಪಾಲಿಶ್ ಮಾಡಿದ್ರು, ಸ್ಟೀಲ್ ಕಂಬಿ ಬೇರೆ. ಅದನ್ನ ನೋಡಿದ ಕೂಡಲೇ ಆಕೆ "ಇದರಲ್ಲಿ ಹತ್ತಲ್ಲ" ಅಂದ್ರು. ಮೂರು ಮೆಟ್ಟಿಲು ಅಂದ್ರೆ ಒಂದೂವರೆ ಅಡಿ ಎತ್ತರ. ಒಂದು ಅಡಿ ಏರೋಕೆ ಹನ್ನೆರಡು ಅಡಿ ಉದ್ದ ಬೇಕು ಅನ್ನೋದು ನಿಯಮ, ಅಂದ್ರೆ ಅಲ್ಲಿ ಹದಿನೆಂಟು ಅಡಿ ರ‍್ಯಾಂಪ್ ಇರಬೇಕಿತ್ತು. ಕಟ್ಟಿದ್ದು ಐದು ಅಡಿ ಇದ್ದಿರಬಹುದು. ಹಿಂದಿನಿಂದ ಇಬ್ಬರು ತಳ್ಳಿದ್ರೂ ಮುಂದಿನ ಚಕ್ರ ಮೇಲೇಳುತ್ತೆ, ಇಳಿಯುವಾಗ ಬಿಟ್ಟರೆ ಸೀದಾ ರಸ್ತೆಗೆ. ಮೇಲೆ ಹತ್ತಿದ್ರೂ ಗಾಡಿ ತಿರುಗಿಸೋಕೆ ಜಾಗ ಇಲ್ಲ, ಬಾಗಿಲು ಹೊರಗಡೆ ತೆರ್ಕೊಳ್ಳುತ್ತೆ. ಅದಕ್ಕೆ ಮಂಜೂರಾಗಿದ್ದ ದುಡ್ಡು ಖರ್ಚಾಗಿದೆ, ಬಿಲ್ ಪಾಸಾಗಿದೆ, ಇನ್‌ಸ್ಪೆಕ್ಷನ್ ರಿಪೋರ್ಟಲ್ಲಿ ರ‍್ಯಾಂಪ್ ಇದೆ ಅಂತ ಟಿಕ್ ಬಿದ್ದಿದೆ. ಕಟ್ಟಿಸಿದ ಇಂಜಿನಿಯರ್ ಕೆಟ್ಟವರೂ ಅಲ್ಲ, ಕೇಳಿದಾಗ ನಿಜವಾಗ್ಲೂ ನೊಂದುಕೊಂಡು "ನಮಗೆ ಕಾಲೇಜಲ್ಲಿ ಇದನ್ನ ಹೇಳೇ ಇಲ್ಲ ಮೇಡಂ" ಅಂದ್ರು. 2024ರ ನವೆಂಬರ್‌ನಲ್ಲಿ ರಾಜೀವ್ ರಾತುರಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ, ಈ ಅಳತೆಗಳನ್ನ ಬರೀ ಮಾರ್ಗಸೂಚಿ ಅಂತ ಬಿಟ್ಟರೆ ಆಗಲ್ಲ, ಕಡ್ಡಾಯ ನಿಯಮ ಮಾಡಿ ಅಂತ. ದೃಷ್ಟಿ ಇಲ್ಲದ ರಾತುರಿ ಈ ಕೇಸಿನ ಅರ್ಜಿ ಹಾಕಿದ್ದು 2005ರಲ್ಲಿ.

ಪೊಲೀಸು, ಕೋರ್ಟಿನ ಕಡೆ ಬಂದರೆ ಇನ್ನೂ ಸಂಕಟ. ಆಂಧ್ರದ ಹುಟ್ಟು ಕುರುಡಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಆದ ಕೇಸು, ಪಾಟನ್ ಜಮಾಲ್ ವಲಿ ಪ್ರಕರಣ ಅಂತ, ಸುಪ್ರೀಂ ಕೋರ್ಟ್ ತೀರ್ಪು ಬಂದಿದ್ದು 2021ರ ಏಪ್ರಿಲ್‌ನಲ್ಲಿ. ಅವಳು ಆರೋಪಿಯನ್ನ ಗುರುತಿಸಿದ್ದು ದನಿಯಿಂದ, ಪರಿಚಯದವನೇ, ಮನೆಗೆ ಬಂದು ಹೋಗ್ತಿದ್ದವನು. ಕಣ್ಣಿಲ್ಲದವರ ಸಾಕ್ಷಿ ಯಾರ ಸಾಕ್ಷಿಗಿಂತಲೂ ಕಮ್ಮಿ ಅಲ್ಲ ಅಂತ ಕೋರ್ಟ್ ಸ್ಪಷ್ಟವಾಗಿ ಹೇಳ್ತು, ಅಷ್ಟಕ್ಕೇ ನಿಲ್ಲಿಸದೆ ನ್ಯಾಯಾಧೀಶರಿಗೆ, ಸರ್ಕಾರಿ ವಕೀಲರಿಗೆ, ಪೊಲೀಸರಿಗೆ ತರಬೇತಿ ಬೇಕು ಅಂತಾನೂ ಹೇಳ್ತು. ದೇಶದ ಅತಿ ದೊಡ್ಡ ಕೋರ್ಟಿಗೇ ಹಾಗನ್ನಿಸಿದ ಮೇಲೆ ನೀವು "ಮನುಷ್ಯತ್ವ ಸಾಕು" ಅಂದ್ರೆ ಹೇಗೆ ಸರ್? ಕಿವಿ ಕೇಳದ ಹುಡುಗಿ ಠಾಣೆಗೆ ಬಂದರೆ ಸಬ್ ಇನ್‌ಸ್ಪೆಕ್ಟರ್ ಎಷ್ಟೇ ಕರುಣೆಯಿಂದ ನೀರು ಕೊಟ್ಟು ಕೂರಿಸಿದ್ರೂ, ಸನ್ನೆ ಭಾಷೆ ಇಂಟರ್‌ಪ್ರಿಟರ್ ಅನ್ನೋರು ಇದಾರೆ, ಅವರನ್ನ ಕರೆಸಬೇಕು, ಹೇಳಿಕೆಯ ವಿಡಿಯೋ ಮಾಡಿಸಬೇಕು ಅಂತ ಗೊತ್ತಿಲ್ಲದಿದ್ರೆ ಆ ಕೇಸು ಮೊದಲ ದಿನವೇ ಮುಗೀತು.

ಡಾಕ್ಟರ್‌ಗಳ ಬಗ್ಗೆ ಒಂದೇ ಮಾತು. ಎಂಬಿಬಿಎಸ್ ಮಕ್ಕಳಿಗೆ ಮೊದಲಲ್ಲೇ ಅಂಗವಿಕಲರ ಹಕ್ಕುಗಳ ಪಾಠ ಇರಲಿ ಅಂತ, ಸ್ವತಃ ಪೋಲಿಯೋ ಆಗಿರೋ ದೆಹಲಿಯ ಡಾ. ಸತೇಂದ್ರ ಸಿಂಗ್ ಥರದವರು ಹೋರಾಡಿ 2019ರಲ್ಲಿ ಸೇರಿಸಿದ್ರು. 2024ರ ಆಗಸ್ಟ್‌ನಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ಅದು ಮಾಯ! ಅದರಲ್ಲಿ ಬೇರೆ ತಪ್ಪುಗಳೂ ಇದ್ದು ಗಲಾಟೆ ಆದ ಮೇಲೆ ಸೆಪ್ಟೆಂಬರ್‌ನಲ್ಲಿ ಹಿಂದಕ್ಕೆ ತಗೊಂಡ್ರು. ಐದೂವರೆ ವರ್ಷದ ಕೋರ್ಸಲ್ಲಿ ಕೆಲವೇ ಗಂಟೆಗಳ ಪಾಠ, ಅದನ್ನೂ ಕಾವಲು ಕಾಯ್ಬೇಕು.

ಹಾಗಾದ್ರೆ ಕಲಿಸೋರು ಯಾರು? ನನ್ನ ಮನಸ್ಸಿಗೆ ತೀರಾ ಹತ್ತಿರದ ವಿಷಯ ಇದು. ನಮ್ಮ ಗ್ರಾಮ ಪಂಚಾಯ್ತಿಗಳಲ್ಲಿ ವಿಆರ್‌ಡಬ್ಲ್ಯೂ ಅಂತ ಇದಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ, ಅಂದ್ರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಇವರೂ ಅಂಗವಿಕಲರೇ, ಗೌರವಧನದ ಮೇಲೆ ದುಡಿಯೋರು. ಒಂದು ಪಂಚಾಯ್ತಿ ಸಭೆಯಲ್ಲಿ ಅಂಥ ಹೆಣ್ಣುಮಗಳೊಬ್ಬಳು ಪಾಠ ಮಾಡಿದ್ದನ್ನ ನೋಡಿದೀನಿ. ಸೈಡ್ ವೀಲ್ ಹಾಕಿಸಿದ ಸ್ಕೂಟಿಯಲ್ಲಿ ಬಂದಳು, ಕೈಯಲ್ಲಿ ಉದ್ದನೆ ಲಾಂಗ್ ಬುಕ್ಕು. ಭಾಷಣ ಮಾಡ್ಲಿಲ್ಲ. "ನಿಮ್ಮ ವಾರ್ಡಲ್ಲಿ ಅಂಗವಿಕಲರು ಎಷ್ಟು ಜನ ಇದಾರೆ ಹೇಳಿ ಅಣ್ಣ" ಅಂತ ಒಬ್ಬ ಸದಸ್ಯರನ್ನ ಕೇಳಿದಳು. ಮೂರ್ನಾಲ್ಕು ಇರಬಹುದು ಅಂದ್ರು. ಬುಕ್ ತೆಗೆದು ಬೀದಿ ಬೀದಿ ಲೆಕ್ಕದಲ್ಲಿ ಓದೋಕೆ ಶುರು ಮಾಡಿದಳು. ಹತ್ತು ದಾಟ್ತು. ಅದರಲ್ಲಿ ಒಂದು ಹೆಸರು ಆ ಸದಸ್ಯರ ಸ್ವಂತ ಅಣ್ಣನ ಮಗಳದ್ದು, ಕಲಿಕೆಯ ತೊಂದರೆ ಇರೋ ಹುಡುಗಿ. "ಅವಳಿಗೇನಾಗಿದೆ, ಓದಲ್ಲ ಅಷ್ಟೇ" ಅಂದ್ರು. ಆಗ ಅವಳು ಹೇಳಿದಳು, 1995ರ ಹಳೇ ಕಾಯ್ದೆಯಲ್ಲಿ 7 ಥರದ ಅಂಗವೈಕಲ್ಯ ಇತ್ತು, ಈಗ 21 ಇದೆ, ಕಲಿಕೆಯ ತೊಂದರೆ, ತಲಸ್ಸೇಮಿಯಾ, ಪಾರ್ಕಿನ್ಸನ್ಸ್ ಎಲ್ಲಾ ಬರುತ್ತೆ, ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸಿ, ಪರೀಕ್ಷೆಯಲ್ಲಿ ಹೆಚ್ಚಿನ ಟೈಮ್ ಕೇಳೋಕೆ ದಾರಿ ಆಗುತ್ತೆ ಅಂತ. ಆಮೇಲೆ ಪಿಡಿಒ ಕಡೆ ತಿರುಗಿ, ಪಂಚಾಯ್ತಿ ದುಡ್ಡಲ್ಲಿ ಅಂಗವಿಕಲರಿಗೆ ಮೀಸಲಿಡಬೇಕಾದ ಶೇ. 5 ಎಲ್ಲಿ ಖರ್ಚಾಯ್ತು ಅಂತ ಕೇಳಿದಳು. ಅವತ್ತು ಆ ರೂಮಲ್ಲಿದ್ದವರು ಕಲಿತಷ್ಟನ್ನ ಯಾವ ಪವರ್‌ಪಾಯಿಂಟೂ ಕಲಿಸಲ್ಲ. ದುಃಖ ಏನು ಗೊತ್ತಾ, ಅಂಥವಳನ್ನ ಜಿಲ್ಲಾ ಮಟ್ಟದ ತರಬೇತಿಗೆ ಕರೆಯೋದು ವಂದನಾರ್ಪಣೆಗೆ. ಸಂಪನ್ಮೂಲ ವ್ಯಕ್ತಿ ಅಂತ ಬರೋರು ಬೇರೆ, ಸಂಭಾವನೆಯ ಕವರ್ರೂ ಅವರಿಗೇ.

2012ರಲ್ಲಿ ಕೋಲ್ಕತ್ತಾದ ಜೀಜಾ ಘೋಷ್ ಅವರನ್ನ ವಿಮಾನದಿಂದ ಕೆಳಗಿಳಿಸಿದ್ರು, ಸೆರೆಬ್ರಲ್ ಪಾಲ್ಸಿ ಇರೋದ್ರಿಂದ ಅವರ ನಡಿಗೆ, ಮಾತು ಬೇರೆ ಥರ ಕಂಡಿದ್ದಕ್ಕೆ. ಆಕೆ ಹೋಗ್ತಿದ್ದಿದ್ದು ಗೋವಾದ ಒಂದು ಸಮ್ಮೇಳನಕ್ಕೆ. 2016ರಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷ ಪರಿಹಾರ ಕೊಡಿಸ್ತು. ಆ ವಿಮಾನದ ಸಿಬ್ಬಂದಿಗೆ ಒಂದೇ ಒಂದು ದಿನ ಜೀಜಾ ಅವರಂಥವರ ಎದುರು ಕೂತು ಮಾತಾಡಿ ಗೊತ್ತಿದ್ದಿದ್ರೆ ಇದು ಆಗ್ತಾನೇ ಇರ್ಲಿಲ್ಲ ಅನ್ನೋದು ನನ್ನ ನಂಬಿಕೆ. ನಮ್ಮ ಬೆಂಗಳೂರಿನ ಸಾರಾ ಸನ್ನಿ ನೋಡಿ, ಕಿವಿ ಕೇಳದ ವಕೀಲೆ, 2023ರಲ್ಲಿ ಇಂಟರ್‌ಪ್ರಿಟರ್ ಜೊತೆ ಸುಪ್ರೀಂ ಕೋರ್ಟ್ ಮುಂದೆ, 2024ರಲ್ಲಿ ಕರ್ನಾಟಕ ಹೈಕೋರ್ಟಲ್ಲಿ ವಾದ ಮಂಡಿಸಿದ್ರು. ಅವತ್ತು ಆ ಕೋರ್ಟ್ ಹಾಲಲ್ಲಿ ಕೂತಿದ್ದ ವಕೀಲರಿಗೆಲ್ಲಾ ಅದಕ್ಕಿಂತ ದೊಡ್ಡ ಪಾಠ ಬೇಕಾ?

ನನ್ನ ಸಿಟ್ಟು ಬರೀ ಸರ್ಕಾರದ ಮೇಲಲ್ಲ. ನಾವು ಪತ್ರಿಕೆಯವರೂ ಅಂಗವಿಕಲರ ಬಗ್ಗೆ ಬರೆಯೋದು ಎರಡೇ ಸಲ, ಒಂದು ಡಿಸೆಂಬರ್ 3ರ ಅಂಗವಿಕಲರ ದಿನಕ್ಕೆ, ಇನ್ನೊಂದು ಯಾರಾದ್ರೂ ಪರೀಕ್ಷೆಯಲ್ಲಿ ರ‍್ಯಾಂಕ್ ಬಂದಾಗ. ರ‍್ಯಾಂಕ್ ಬರದ ಅಂಗವಿಕಲರು ಬಸ್ ಹತ್ತೋದು ಹೇಗೆ ಅನ್ನೋದು ನಮಗೆ ಸುದ್ದಿಯಾಗಿ ಕಾಣಲ್ಲ. 2011ರ ಜನಗಣತಿ ಪ್ರಕಾರ ರಾಜ್ಯದಲ್ಲೇ 13 ಲಕ್ಷಕ್ಕೂ ಮೇಲೆ ಇದಾರೆ, ಅದೂ ಹಳೇ ಲೆಕ್ಕ. ನಮ್ಮ ಇಡೀ ಓದೇ ಹೀಗೆ ಸರ್. ಇಂಜಿನಿಯರ್‌ಗೆ ಸಿಮೆಂಟು ಗೊತ್ತು, ಅದರ ಮೇಲೆ ಓಡಾಡೋ ಮನುಷ್ಯ ಗೊತ್ತಿಲ್ಲ. ಮೇಷ್ಟ್ರಿಗೆ ಪಠ್ಯ ಗೊತ್ತು, ಹಿಂದಿನ ಬೆಂಚಲ್ಲಿ ಕಿವಿ ಮಂದ ಇರೋ ಹುಡುಗನಿಗೆ ಬೋರ್ಡಿಗೆ ಮುಖ ಮಾಡಿ ಪಾಠ ಮಾಡಿದ್ರೆ ತುಟಿ ಕಾಣಲ್ಲ ಅನ್ನೋದು ಹೊಳೆಯಲ್ಲ. ಎದುರಿಗಿರೋರನ್ನೇ "ನಿಮಗೇನು ಬೇಕು" ಅಂತ ಕೇಳೋದನ್ನ ನಾವು ಯಾವ ಡಿಗ್ರಿಯಲ್ಲೂ ಕಲಿಸ್ತಿಲ್ಲ.

ಕೊನೆಗೆ ನಿಮ್ಮ ಮಾಸಾಶನದ ಮಾತು. ಹೆಚ್ಚು ಮಾಡಲಿ, ಖಂಡಿತ ಮಾಡಲಿ, ಈಗ ಕೊಡೋದು ಯಾವುದಕ್ಕೂ ಸಾಲಲ್ಲ. ಆದ್ರೆ ಆ ಅರ್ಜಿ ಬರೋದೂ ನಿಮ್ಮ ನಾಡಕಚೇರಿ ಕೌಂಟರಿಗೇ ಅಲ್ವಾ, ಬೆರಳಚ್ಚು ಹೊಂದ್ತಿಲ್ಲ, ದಾಖಲೆ ಇಲ್ಲ, ನಾಳೆ ಬಾ ಅಂತ ವಾಪಸ್ ಹೋಗೋದೂ ಅಲ್ಲಿಂದಲೇ. ಕೌಂಟರ್ ಹಿಂದೆ ಕೂತವರಿಗೆ ಕಲಿಸದೆ ಮಾಸಾಶನ ಎಷ್ಟು ಏರಿಸಿದ್ರೂ ಕೈಗೆ ಸಿಗೋದು ಯಾರಿಗೆ?

ಅದಕ್ಕೇ ನಿಮ್ಮಲ್ಲೊಂದು ವಿನಂತಿ. ಮೂವತ್ತು ವರ್ಷದ ಕಚೇರಿ ಅನುಭವ ಇದೆ ನಿಮಗೆ, ಯಾವ ಫೈಲು ಯಾವ ಟೇಬಲ್ಲಲ್ಲಿ ಯಾಕೆ ನಿಲ್ಲುತ್ತೆ ಅಂತ ನಿಮ್ಮಷ್ಟು ಬಲ್ಲವರು ಕಮ್ಮಿ. ನಿಮ್ಮ ತಾಲ್ಲೂಕಿನ ಎಂಆರ್‌ಡಬ್ಲ್ಯೂ ಯಾರು ಅಂತ ವಿಚಾರಿಸಿ, ಅವರ ಜೊತೆ ಕೂತು ಕಂದಾಯ ಇಲಾಖೆಯ ಹೊಸ ನೌಕರರಿಗೆ ಅಂಗವಿಕಲರ ವಿಷಯದಲ್ಲಿ ಏನೇನು ಗೊತ್ತಿರಬೇಕು ಅಂತ ಇಬ್ಬರೂ ಸೇರಿ ಬರೆದು ಕಳಿಸಿ. ಅವರ ಹೆಸರು ಮೊದಲು ಇರಲಿ. ಎಷ್ಟು ಪುಟ ಆದ್ರೂ ಅಚ್ಚು ಹಾಕ್ತೀವಿ, ಸಂಭಾವನೆ ಇಬ್ಬರಿಗೂ ಸಮ. ಈ ಸಲ ನಿಮ್ಮ ಹೆಸರನ್ನೂ ಹಾಕೋಕೆ ಒಪ್ಪಿಗೆ ಕೊಡಿ.

— ಸಂಪಾದಕಿ